ಉಳುಮೆ ನಿಂತ ಜಮೀನಿನಲ್ಲಿ ಹಾಳಾದ ತೊರೆ, ಒಣಗಿದ ಜೌಗು: ಕೆಲಸ ಎಲ್ಲಿಂದ ಶುರು ಮಾಡಬೇಕು?

ಬೆಳ್ಳಕ್ಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕುಟುಂಬದ ಜಮೀನಿನಲ್ಲಿ ಒಂದು ತಗ್ಗಿನ ಭಾಗ ಇದೆ. ಅಲ್ಲಿ ಬೇಸಾಯ ನಿಂತು ಕೆಲವು ವರ್ಷವಾಯಿತು. ನಡುವೆ ನೆಟ್ಟಗೆ ಒಂದು ಕಾಲುವೆ ಹೋಗುತ್ತದೆ. ಅದು ಮೊದಲು ಅಂಕುಡೊಂಕಾಗಿ ಹರಿಯುತ್ತಿದ್ದ ತೊರೆಯಂತೆ, ಸುತ್ತಲೂ ಜೌಗು ಇತ್ತಂತೆ. ಈಗ ಕಾಲುವೆಯ ತಳ ಹೊಲದ ಮಟ್ಟಕ್ಕಿಂತ ಹೆಚ್ಚುಕಡಿಮೆ ಒಂದಾಳು ಕೆಳಗಿದೆ. ಜೋರು ಮಳೆ ಬಂದರೆ ಮಣ್ಣು ತುಂಬಿದ ನೀರು ನುಗ್ಗಿ ಹೋಗುತ್ತದೆ, ಮಳೆ ನಿಂತ ಸ್ವಲ್ಪ ದಿನಕ್ಕೆ ತಳ ಒಣಗಿ ಬಿರುಕು ಬಿಡುತ್ತದೆ.

ಈ ಭಾಗವನ್ನು ಮತ್ತೆ ಉಳುವ ಯೋಚನೆ ಯಾರಿಗೂ ಇಲ್ಲ. ತೊರೆ, ಜೌಗು ವಾಪಸ್ ಬರಲಿ ಅನ್ನೋದು ನನ್ನ ಆಸೆ. ಯಂತ್ರ ತರಿಸಿ ದೊಡ್ಡ ಹೊಂಡ ತೋಡಿಸು, ಸುತ್ತ ಗಿಡ ನೆಡು ಅಂತ ಮನೆಯವರು ಹೇಳುತ್ತಿದ್ದಾರೆ. ಈ ಕೆಲಸ ಬಲ್ಲವರು ಏನು ಹೇಳುತ್ತೀರಿ?

ನೀರಗಂಟಿ:
ಬೆಳ್ಳಕ್ಕಿಯವರೇ, ಯಂತ್ರಕ್ಕೆ ಈಗಲೇ ಹೇಳಬೇಡಿ. ಹೊಂಡ ಬೇರೆ, ಜೌಗು ಬೇರೆ. ಜೌಗು ಅಂದರೆ ಆಳವಾದ ನೀರಲ್ಲ. ವರ್ಷದ ಬಹುಪಾಲು ನೆಲ ನೆನೆದಿರಬೇಕು, ನೀರು ಪಾದ ಮುಳುಗುವಷ್ಟು ಏರಬೇಕು, ಮತ್ತೆ ಇಳಿಯಬೇಕು. ಆ ಏರಿಳಿತದಲ್ಲೇ ಜೊಂಡು, ಆಪು, ಕಪ್ಪೆ, ನೀರುಹಕ್ಕಿ ಎಲ್ಲ ಬದುಕೋದು. ದಡ ಕಡಿದಾಗಿರುವ ಆಳದ ಹೊಂಡದಲ್ಲಿ ಅಂಚಿಗೆ ಒಂದು ಗೇಣು ಹಸಿರು ಸಿಗುತ್ತದೆ, ಅಷ್ಟೆ. ಇನ್ನೊಂದು ಅಪಾಯವೂ ಇದೆ. ಕೆಳಗೆ ನೀರು ಹಿಡಿದಿಟ್ಟಿರುವ ಜೇಡಿ ಪದರ ಇದ್ದು, ಅದನ್ನು ತೂತು ಮಾಡಿಬಿಟ್ಟರೆ ಇರುವ ನೀರೂ ಇಂಗಿ ಹೋಗುತ್ತದೆ.

ಬೇಸಾಯಕ್ಕಾಗಿ ಒಣಗಿಸಿದ ಜಾಗದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನೀರು ಇಲ್ಲಿಂದ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ? ತೊರೆಯನ್ನು ನೆಟ್ಟಗೆ ಮಾಡಿ ಆಳ ತೋಡಿರುತ್ತಾರೆ. ಅದಕ್ಕೆ ಅಡ್ಡಡ್ಡ ಬಸಿಗಾಲುವೆ ಕಡಿದಿರುತ್ತಾರೆ. ಬಹಳ ಕಡೆ ನೆಲದೊಳಗೆ ಬಸಿ ಕೊಳವೆಗಳನ್ನೂ ಹೂತಿರುತ್ತಾರೆ. ಹಳೆಯವಾದರೆ ಸುಟ್ಟ ಮಣ್ಣಿನ ಕೊಳವೆ, ಈಚಿನವಾದರೆ ತೂತಿರುವ ಪ್ಲಾಸ್ಟಿಕ್. ಬೇಸಾಯ ನಿಂತರೂ ಈ ಕೊಳವೆಗಳು ನಿಲ್ಲುವುದಿಲ್ಲ. ಹಗಲು ರಾತ್ರಿ ಬಸಿಯುತ್ತಲೇ ಇರುತ್ತವೆ. ನೀವು ಮೇಲೆ ಎಷ್ಟು ಗಿಡ ನೆಟ್ಟರೂ ಕೆಳಗೆ ನೆಲ ಒಣಗುತ್ತಲೇ ಇರುತ್ತದೆ.

ಆದ್ದರಿಂದ ಮೊದಲು ಹುಡುಕಿ. ಮಳೆ ನಿಂತು ವಾರವಾದ ಮೇಲೆ ಕಾಲುವೆಯೊಳಗೆ ಇಳಿದು ಎರಡೂ ಗೋಡೆ ನೋಡುತ್ತಾ ನಡೆಯಿರಿ. ಗೋಡೆ ಪೂರ್ತಿ ಒಣಗಿರುವಾಗ ಎಲ್ಲೋ ಒಂದು ಕಡೆ ಮಾತ್ರ ಪಾಚಿ ಹಿಡಿದು, ಕೆಳಗೆ ತುಕ್ಕಿನ ಬಣ್ಣದ ಲೋಳೆ ಇಳಿದಿದ್ದರೆ ಅಲ್ಲಿ ಕೈ ಹಾಕಿ ಮಣ್ಣು ಸರಿಸಿ. ಬೇರಿನ ಹಿಂದೆ ಕೊಳವೆಯ ಬಾಯಿ ಸಿಕ್ಕರೆ ಆಶ್ಚರ್ಯ ಬೇಡ. ಹಳೆಯ ಸರ್ವೆ ನಕ್ಷೆ, ಹಳೆಯ ವೈಮಾನಿಕ ಚಿತ್ರ ಸಿಕ್ಕರೆ ಅದನ್ನೂ ನೋಡಿ. ಮುಚ್ಚಿಹೋದ ತೊರೆಯ ತಿರುವುಗಳು ಬರಿಗಣ್ಣಿಗೆ ಕಾಣದಿದ್ದರೂ ಮೇಲಿನಿಂದ ಕಪ್ಪು ಪಟ್ಟಿಯ ಹಾಗೆ ಕಾಣುತ್ತವೆ.

ಎರೆಹುಳು:
ನೀರಗಂಟಿ ಸರ್ ಹೇಳಿದ್ದಕ್ಕೆ ಮಣ್ಣಿನ ಕಡೆಯಿಂದ ಒಂದು ಮಾತು. ಇಲ್ಲಿ ನಿಜವಾಗಿ ಜೌಗು ಇತ್ತಾ ಅಂತ ಮಣ್ಣೇ ಹೇಳುತ್ತದೆ. ಕೈಯಲ್ಲಿ ತಿರುಗಿಸುವ ಮಣ್ಣು ಕೊರಕ ಸಿಕ್ಕರೆ ಸಾಕು, ಮೊಣಕಾಲಿನ ಆಳಕ್ಕಿಂತ ಸ್ವಲ್ಪ ಜಾಸ್ತಿ ಇಳಿಸಿ. ಮೇಲಿನ ಒಂದು ಗೇಣು ಉಳುಮೆಯ ಪದರ, ಒಂದೇ ಬಣ್ಣ, ಪುಡಿಪುಡಿ. ಅದರ ಕೆಳಗೆ ಬಂದ ಮಣ್ಣನ್ನು ಅಂಗೈ ಮೇಲೆ ಇಟ್ಟು ಮುರಿದು ನೋಡಿ. ಬೂದು ಬಣ್ಣ ಇದ್ದು, ಹಳೆಯ ಬೇರು ಹೋದ ಸಣ್ಣ ಸಣ್ಣ ದಾರಿಗಳ ಸುತ್ತ ಕಿತ್ತಳೆ ಬಣ್ಣದ ಗೆರೆ ಕಂಡರೆ ಅಲ್ಲಿ ನೀರು ದೀರ್ಘಕಾಲ ನಿಂತಿತ್ತು ಅಂತ ಅರ್ಥ. ಗಾಳಿ ಇಲ್ಲದ ಒದ್ದೆ ಮಣ್ಣಿನಲ್ಲಿ ಕಬ್ಬಿಣ ಕರಗಿ ಜಾಗ ಬಿಡುತ್ತದೆ, ಅದಕ್ಕೇ ಬೂದು. ಬೇರಿನ ದಾರಿಯಲ್ಲಿ ಮಾತ್ರ ಗಾಳಿ ಸಿಕ್ಕಿ ಮತ್ತೆ ತುಕ್ಕಾಗುತ್ತದೆ, ಅದಕ್ಕೇ ಕಿತ್ತಳೆ. ಈ ಗುರುತು ನೆಲ ಒಣಗಿಸಿದ ಎಷ್ಟೋ ದಶಕಗಳ ನಂತರವೂ ಉಳಿದಿರುತ್ತದೆ.

ಇನ್ನೊಂದು ಸಾಧ್ಯತೆ. ಆಳದಲ್ಲಿ ಇದ್ದಕ್ಕಿದ್ದಂತೆ ಕಪ್ಪು ಪದರ ಸಿಗಬಹುದು, ಅದರಲ್ಲಿ ಹಳೆಯ ಕಡ್ಡಿ, ಬೀಜ ಇರಬಹುದು. ಹಾಗಿದ್ದರೆ ಮೂಲ ಜೌಗು ಅದೇ. ಅದರ ಮೇಲೆ ಇರುವುದೆಲ್ಲ ಆಮೇಲೆ ಬಂದು ಕೂತ ಹೂಳು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಿಗ್ ಸ್ಪ್ರಿಂಗ್ ರನ್ ಅನ್ನೋ ತೊರೆಯಲ್ಲಿ ಇದೇ ಆಗಿತ್ತು. ನೀರಿನಿಂದ ತಿರುಗುವ ಗಿರಣಿಗಳಿಗೆ ಹಿಂದೆ ಕಟ್ಟಿದ್ದ ಒಡ್ಡುಗಳ ಹಿಂಬದಿಯಲ್ಲಿ ಹೊಲಗಳಿಂದ ಕೊಚ್ಚಿ ಬಂದ ಮಣ್ಣು ತುಂಬಿ ಜೌಗನ್ನೇ ಹೂತುಹಾಕಿತ್ತು. 2011ರಲ್ಲಿ ಆ ಹೂಳನ್ನು ತೆಗೆದು ಕೆಳಗಿನ ಹಳೆಯ ನೆಲವನ್ನೇ ಹೊರಗೆ ತಂದರು. ಅಂದರೆ ತಳವನ್ನು ಮೇಲೆತ್ತಬೇಕೋ, ದಂಡೆಯನ್ನು ಕೆಳಗಿಳಿಸಬೇಕೋ ಅನ್ನೋದನ್ನು ಕೊರೆದು ನೋಡದೆ ತೀರ್ಮಾನಿಸಬಾರದು.

ಹೊಸಚಿಗುರು:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸುಮ್ನೆ ಬಿಟ್ಟುಬಿಡಿ. ಮನುಷ್ಯ ಕೈ ಹಾಕಿದ್ದಕ್ಕೇ ತಾನೇ ಹಾಳಾಗಿದ್ದು? ಮತ್ತೆ ಯಂತ್ರ, ಮತ್ತೆ ಅಗೆತ ಯಾಕೆ? ಬಿಟ್ಟ ಹೊಲದಲ್ಲಿ ಪೊದೆ ತಾನಾಗಿ ಬರುತ್ತದೆ. ತೊರೆಯೂ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ನೀರಗಂಟಿ:
ಹೊಸಚಿಗುರು ಅವರೇ, ನಿಮ್ಮ ಮಾತು ಕೆಲವು ಕಡೆ ಪೂರ್ತಿ ಸರಿ. ಕೊಳವೆ ಇಲ್ಲ, ಕಾಲುವೆ ಅಷ್ಟು ಆಳವಿಲ್ಲ, ಹತ್ತಿರದಲ್ಲೇ ಒಳ್ಳೆಯ ಜೌಗು ಉಳಿದಿದೆ ಅಂದರೆ ಬಿಡುವುದೇ ಒಳ್ಳೆಯದು. ಆದರೆ ಒಂದಾಳು ಕೆಳಗೆ ಇಳಿದ ತೊರೆಯ ಕಥೆ ಹಾಗಲ್ಲ. ಅದು ತನ್ನ ದಾರಿ ಹುಡುಕಿಕೊಳ್ಳುತ್ತದೆ, ನಿಜ. ಹೇಗೆ ಅಂದರೆ ಮೊದಲು ತಳ ಕೊರೆಯುತ್ತದೆ, ಆಮೇಲೆ ದಂಡೆ ಕುಸಿಯುತ್ತದೆ, ಅಗಲವಾಗುತ್ತದೆ, ಕೊನೆಗೆ ಕೆಳಮಟ್ಟದಲ್ಲಿ ಹೊಸದೊಂದು ಬಯಲು ಮಾಡಿಕೊಳ್ಳುತ್ತದೆ. ಇದಕ್ಕೆ ದಶಕಗಳು ಬೇಕು, ಕೆಲವು ಕಡೆ ಶತಮಾನ ಬೇಕು. ಅಷ್ಟು ಕಾಲವೂ ಕುಸಿದ ಮಣ್ಣೆಲ್ಲ ಕೆಳಗಿನವರ ನೀರಿಗೆ ಹೋಗುತ್ತದೆ. ಮೇಲಿದ್ದ ಜೌಗು ಒಣಗಿದ್ದು ಒಣಗಿದ ಹಾಗೇ ಇರುತ್ತದೆ.

ಇಲ್ಲಿ ನಮ್ಮ ಕೆಲಸ ಹೊಸದೇನನ್ನೋ ಕಟ್ಟುವುದಲ್ಲ. ಒಣಗಿಸಲು ಮಾಡಿದ ವ್ಯವಸ್ಥೆ ಇನ್ನೂ ನಡೆಯುತ್ತಿದೆ, ಅದನ್ನು ನಿಲ್ಲಿಸುವುದು. ಅದಾದ ಮೇಲೆ ನೀವು ಹೇಳಿದ ಹಾಗೆ ಕೈ ಕಟ್ಟಿಕೊಂಡು ನೋಡುವುದಕ್ಕೆ ನಾನೂ ಸಿದ್ಧ.

ಕೆರೆದಂಡೆ:
ದೊಡ್ಡ ಮಟ್ಟದ ಉದಾಹರಣೆ ಬೇಕಾದವರಿಗೆ ಡೆನ್ಮಾರ್ಕಿನ ಸ್ಕ್ಯೆರ್ನ್ ನದಿ ನೋಡಲೇಬೇಕಾದದ್ದು. 1960ರ ದಶಕದಲ್ಲಿ ಅದರ ಕೆಳಭಾಗವನ್ನು ನೆಟ್ಟಗೆ ಮಾಡಿ ಸುಮಾರು 4,000 ಹೆಕ್ಟೇರ್ ಜೌಗನ್ನು ಹೊಲ ಮಾಡಿದರು. ಒಣಗಿದ ಮಣ್ಣು ಕುಸಿಯುತ್ತಾ ಬಂತು. ಅದರೊಳಗಿದ್ದ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜಕ್ಕೆ ಗಾಳಿ ತಗುಲಿ, ತುಕ್ಕುಬಣ್ಣದ ಕೆಸರು ಹರಿದು ನದಿಯನ್ನೂ ಮುಂದಿನ ಹಿನ್ನೀರನ್ನೂ ಕೆಡಿಸಿತು. ಕೊನೆಗೆ 1999ರಿಂದ 2002ರ ನಡುವೆ 19 ಕಿ.ಮೀ. ನೇರ ಕಾಲುವೆಯ ಬದಲು 26 ಕಿ.ಮೀ. ಬಳುಕುವ ಪಾತ್ರ ಮಾಡಿಕೊಟ್ಟರು. ಸುಮಾರು 2,200 ಹೆಕ್ಟೇರ್ ಮತ್ತೆ ನದಿಯ ಬಯಲಾಯಿತು. ಒಂದು ತಲೆಮಾರಿನೊಳಗೇ ಮಾಡಿದ್ದನ್ನು ಬಿಚ್ಚಿದರು ನೋಡಿ.

ಅಮೆರಿಕದ ಫ್ಲಾರಿಡಾದ ಕಿಸ್ಸಿಮ್ಮೀ ನದಿಯದೂ ಇದೇ ಪಾಠ. 1962ರಿಂದ 1971ರವರೆಗೆ ಸುಮಾರು 166 ಕಿ.ಮೀ. ನದಿಯನ್ನು 90 ಕಿ.ಮೀ. ಕಾಲುವೆ ಮಾಡಿದ್ದರು. ಅಕ್ಕಪಕ್ಕದ ಜೌಗು ದನ ಮೇಯುವ ಹುಲ್ಲುಗಾವಲಾಯಿತು, ಚಳಿಗಾಲದ ನೀರುಹಕ್ಕಿಗಳು ಹೆಚ್ಚುಕಡಿಮೆ ಮಾಯವಾದವು. 1999ರಲ್ಲಿ ಕಾಲುವೆ ಮುಚ್ಚುವ ಕೆಲಸ ಶುರುವಾಗಿ 2021ರಲ್ಲಿ ಮುಗಿಯಿತು. ಮುಚ್ಚಿದ್ದು ಸುಮಾರು 35 ಕಿ.ಮೀ. ಉದ್ದ. ತೋಡಲು ಹಿಡಿದದ್ದಕ್ಕಿಂತ ಮುಚ್ಚಲು ಹಿಡಿದ ಕಾಲ ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕಿ. ನನಗೆ ಇದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬೆಳ್ಳಕ್ಕಿ:
ಎಲ್ಲರಿಗೂ ತುಂಬಾ ಧನ್ಯವಾದ. ನೀರಗಂಟಿ ಸರ್ ಹೇಳಿದ ಹಾಗೆ ಕಾಲುವೆಯೊಳಗೆ ನಡೆದು ನೋಡಿದೆ. ಕೊಳವೆಯ ಬಾಯಿ ಸಿಕ್ಕಿತು! ಸುಟ್ಟ ಮಣ್ಣಿನದು, ಅಂಚು ಒಡೆದಿದೆ, ಒಳಗೆ ಬೇರು ತುಂಬಿದೆ, ಆದರೂ ದಾರದಷ್ಟು ಸಣ್ಣಗೆ ನೀರು ಬರುತ್ತಲೇ ಇದೆ. ಎಷ್ಟು ವರ್ಷದಿಂದ ಹೀಗೇ ಹೋಗುತ್ತಿದೆಯೋ. ಮಣ್ಣಲ್ಲಿ ಬೂದು, ಕಿತ್ತಳೆ ಗೆರೆ ಎರಡೂ ಇದೆ, ಎರೆಹುಳು ಅವರೇ.

ಆದರೆ ಒಂದು ತೊಡಕು. ಮೇಲಿನ ಜಮೀನಿನವರು ಇನ್ನೂ ಬೇಸಾಯ ಮಾಡುತ್ತಿದ್ದಾರೆ. ಅವರ ಹೊಲದ ಬಸಿ ನೀರೂ ನಮ್ಮ ನೆಲದೊಳಗಿನ ಕೊಳವೆಯಲ್ಲೇ ಬರುತ್ತಿದೆ ಅನಿಸುತ್ತೆ. ನಾನು ಮುಚ್ಚಿದರೆ ಅವರ ಹೊಲ ನೆನೆಯುತ್ತೆ, ಅಲ್ವಾ?

ನೀರಗಂಟಿ:
ಹೌದು, ನೆನೆಯುತ್ತದೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಬಗೆಹರಿಸಿಕೊಳ್ಳಿ. ಅವರ ಕೊಳವೆಯನ್ನು ಮುಚ್ಚುವುದು ಬೇಡ. ಅದು ನಿಮ್ಮ ಗಡಿ ದಾಟುವ ಜಾಗದಲ್ಲಿ ನೆಲ ಅಗೆದು, ಅಲ್ಲೇ ನೀರನ್ನು ಹೊರಗೆ ತನ್ನಿ. ಅಲ್ಲಿಂದ ಮುಂದೆ ಅದು ಕೊಳವೆಯಲ್ಲಿ ಹೋಗದೆ ನಿಮ್ಮ ಬಯಲಿನ ಮೇಲೆ ಹರಡಿ ಹರಿಯಲಿ. ಇದಕ್ಕೆ ಇಳಿಜಾರು ಸಾಕಷ್ಟಿರಬೇಕು. ಅವರ ಕೊಳವೆಯ ತಳ ನಿಮ್ಮ ನೆಲಕ್ಕಿಂತ ಕೆಳಗಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಆಗ ಜೌಗಿನ ಗಡಿಯನ್ನು ಇನ್ನಷ್ಟು ಕೆಳಗೆ ತರಬೇಕಾಗುತ್ತದೆ. ಲೆವೆಲ್ ಸರ್ವೆ, ಅಂದರೆ ನೆಲದ ಏರುತಗ್ಗಿನ ಅಳತೆ, ಮಾಡಿಸದೆ ಕಣ್ಣಳತೆಯಲ್ಲಿ ಇದನ್ನು ಮಾಡಬೇಡಿ. ಮೂರು ಬೆರಳಿನಷ್ಟು ವ್ಯತ್ಯಾಸವೂ ಸಮತಟ್ಟು ನೆಲದಲ್ಲಿ ಬಹಳ ದೂರ ಹರಡುತ್ತದೆ.

ಅವರ ಜೊತೆ ಕೂತು ಮಾತಾಡಿ, ನಕ್ಷೆ ತೋರಿಸಿ. ಹರಿಯುವ ನೀರಿನ ಪಾತ್ರ ಬದಲಿಸಲು ಸಾಮಾನ್ಯವಾಗಿ ಎಲ್ಲ ಕಡೆಯೂ ಅನುಮತಿ ಬೇಕಾಗುತ್ತದೆ. ಅದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನು ನಿಮ್ಮದೇ ಕೊಳವೆಗಳ ವಿಷಯ. ಬಾಯಿಗೆ ಸಿಮೆಂಟ್ ತುರುಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯಲ್ಲ. ಕೊಳವೆ ಹೂಳಲು ತೋಡಿದ್ದ ಗುಂಡಿಯ ಮಣ್ಣು ಸಡಿಲವಾಗಿರುತ್ತದೆ, ನೀರು ಕೊಳವೆಯ ಪಕ್ಕದಲ್ಲೇ ದಾರಿ ಮಾಡಿಕೊಂಡು ಹೋಗುತ್ತದೆ. ಕೆಳತುದಿಯಲ್ಲಿ ಕೆಲವು ಮೀಟರ್ ಉದ್ದದ ಕೊಳವೆಯನ್ನೇ ಕಿತ್ತು ತೆಗೆದು, ಆ ಗುಂಡಿಗೆ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಬೇಕು.

ಬಸಿಗಾಲುವೆಗೂ ಅದೇ ಕ್ರಮ. ಪೂರ್ತಿ ಮುಚ್ಚುವಷ್ಟು ಮಣ್ಣಿದ್ದರೆ ಪೂರ್ತಿ ಮುಚ್ಚಿ. ಇಲ್ಲದಿದ್ದರೆ ಅಲ್ಲಲ್ಲಿ ಅಡ್ಡ ಮಣ್ಣಿನ ತಡೆ ಹಾಕಿ. ತಡೆ ಕಾಲುವೆಗಿಂತ ಅಗಲವಾಗಿರಲಿ, ಎರಡೂ ಬದಿ ಗಟ್ಟಿ ನೆಲದೊಳಗೆ ಕಚ್ಚಿ ಕೂರಲಿ. ತಲೆ ಸ್ವಲ್ಪ ಎತ್ತರವೇ ಇರಲಿ, ಮಣ್ಣು ಇಳಿಯುತ್ತದೆ. ತುಂಬಿ ಬಂದ ನೀರು ಆ ತಡೆಯ ಮೇಲೆ ಹತ್ತಿ ಹೋಗಬಾರದು. ಪಕ್ಕದ ಹುಲ್ಲು ನೆಲದ ಮೇಲೆ ಹರಡಿ ಹೋಗಬೇಕು. ಇದೊಂದನ್ನು ಮರೆತರೆ ಮೊದಲ ಜೋರು ಮಳೆಗೇ ತಡೆ ಕೊಚ್ಚಿಹೋಗುತ್ತದೆ.

ಕಪ್ಪೆಗೂಡು:
ಮುಖ್ಯ ತೊರೆಗೆ ಏನು ಮಾಡೋದು ಸರ್? ಅಲ್ಲೂ ಮಣ್ಣಿನ ತಡೆ ಹಾಕಿಬಿಟ್ಟರೆ ಮೀನು ಹೇಗೆ ಓಡಾಡುತ್ತೆ?

ನೀರಗಂಟಿ:
ಅಲ್ಲಿ ಹಾಕಲೇಬಾರದು. ಸಿಮೆಂಟ್ ಒಡ್ಡೂ ಬೇಡ, ದಂಡೆಗೆ ಕಲ್ಲು ಕಟ್ಟುವುದೂ ಬೇಡ. ಕಲ್ಲು ಕಟ್ಟಿದರೆ ಆ ತಪ್ಪು ಪಾತ್ರವೇ ಶಾಶ್ವತವಾಗುತ್ತದೆ.

ಎರಡು ದಾರಿ ಇವೆ. ಹಳೆಯ ತಿರುವುಗಳು ನಕ್ಷೆಯಲ್ಲೋ ನೆಲದಲ್ಲೋ ಸ್ಪಷ್ಟವಾಗಿ ಸಿಕ್ಕಿದರೆ ಅದೇ ಜಾಡಿನಲ್ಲಿ ಆಳವಿಲ್ಲದ ಪಾತ್ರ ಬಿಡಿಸಿ, ನೇರ ಕಾಲುವೆಯನ್ನು ಮುಚ್ಚುವುದು ಒಂದು. ಎರಡನೆಯದು ನಿಧಾನದ ದಾರಿ, ಆದರೆ ಸಣ್ಣ ತೊರೆಗೆ ನನಗೆ ಇಷ್ಟ. ತಳಕ್ಕೆ ಮರದ ಗೂಟ ಹೊಡೆದು, ನಡುವೆ ರೆಂಬೆಗಳನ್ನು ಹೆಣೆದು, ನೀರು ಒಸರಿ ಹೋಗುವಂಥ ತಗ್ಗು ತಡೆಗಳನ್ನು ಸಾಲಾಗಿ ಮಾಡುವುದು. ಬೀವರ್ ಅನ್ನೋ ಪ್ರಾಣಿ ಕಟ್ಟುವ ಒಡ್ಡನ್ನು ನೋಡಿ ಕಲಿತ ವಿಧಾನ ಇದು. ಹಿಂದೆ ಹೂಳು ಕೂರುತ್ತದೆ, ತಳ ಮೇಲೇರುತ್ತದೆ, ಒಂದು ದಿನ ತುಂಬಿದ ನೀರು ದಂಡೆ ದಾಟಿ ಬಯಲಿಗೆ ಬರುತ್ತದೆ. ಅಮೆರಿಕದ ಆರೆಗನ್‌ನ ಬ್ರಿಡ್ಜ್ ಕ್ರೀಕ್ ಅನ್ನೋ ತೊರೆಯಲ್ಲಿ ಇಂಥ ತಡೆಗಳ ಮೇಲೆ ಬೀವರ್‌ಗಳೂ ಬಂದು ತಮ್ಮ ಒಡ್ಡು ಕಟ್ಟಿಕೊಂಡವು. ಮೀನಿನ ಮರಿಗಳ ಸಂಖ್ಯೆಯೂ ಬದುಕುಳಿಯುವ ಪ್ರಮಾಣವೂ ಹೆಚ್ಚಿತು ಅಂತ 2016ರಲ್ಲಿ ಬಂದ ಅಧ್ಯಯನ ತೋರಿಸಿತು. ಒಡ್ಡಿನ ಬದಿಯಲ್ಲಿ, ಸಂದಿಯಲ್ಲಿ ಮೀನು ದಾರಿ ಮಾಡಿಕೊಳ್ಳುತ್ತದೆ. ಒಂದೆರಡು ತಡೆ ಮುರಿದರೂ ನಷ್ಟವಿಲ್ಲ. ಆ ಕಟ್ಟಿಗೆ ಕೆಳಗಿನ ತಡೆಗೆ ಸಿಕ್ಕಿಕೊಂಡು ಕೆಲಸಕ್ಕೆ ಬರುತ್ತದೆ. ಆದರೆ ಕೆಳಗೆ ಹತ್ತಿರದಲ್ಲೇ ರಸ್ತೆಯ ಮೋರಿ ಇದ್ದರೆ ಮಾತ್ರ ಹುಷಾರು, ಕಟ್ಟಿಗೆ ಅಲ್ಲಿ ಸಿಕ್ಕಿಕೊಳ್ಳಬಾರದು.

ಎರೆಹುಳು:
ಎಲ್ಲರೂ ನೀರು ಬಿಡುವ ಉತ್ಸಾಹದಲ್ಲಿ ಇದ್ದೀರಿ. ನಾನು ಸ್ವಲ್ಪ ತಡೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ಬರೀ ನೆಲ ಅಲ್ಲ, ವರ್ಷಾನುಗಟ್ಟಲೆ ಗೊಬ್ಬರ ತಿಂದ ನೆಲ. ಅದರಲ್ಲಿ ಗೊಬ್ಬರದ ರಂಜಕ (ಫಾಸ್ಫರಸ್) ಕೂಡಿಕೊಂಡಿದೆ. ಒಣ ಮಣ್ಣಿನಲ್ಲಿ ಅದು ಕಬ್ಬಿಣಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ನೆಲ ನೆನೆದು ಗಾಳಿ ಹೋಯಿತು ಅಂದರೆ ಕಬ್ಬಿಣ ಕರಗುತ್ತದೆ, ಜೊತೆಗೆ ರಂಜಕವೂ ನೀರಿಗೆ ಬಿಡುತ್ತದೆ. ಆ ನೀರು ಕೆಳಗಿನ ಕೆರೆಗೋ ಸರೋವರಕ್ಕೋ ಸೇರಿದರೆ ಪಾಚಿ ಎದ್ದು ಮೀನು ಸಾಯಬಹುದು. ಜೌಗು ನೀರನ್ನು ಶುದ್ಧ ಮಾಡುತ್ತದೆ ಅಂತ ನಂಬಿ ಕೆಲಸ ಮಾಡಿದವರಿಗೆ ಮೊದಲ ಕೆಲವು ವರ್ಷ ಉಲ್ಟಾ ಫಲಿತಾಂಶ ಸಿಗುವುದು ಇದಕ್ಕೇ.

ಆದ್ದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ವಿಪರೀತ ಇದ್ದರೆ, ನೀರು ಬಿಡುವ ಮುಂಚೆ ಕೆಲವು ಹಂಗಾಮು ಹುಲ್ಲು ಬೆಳೆಸಿ, ಕೊಯ್ದು, ಹೊರಗೆ ಸಾಗಿಸಿ. ಕೊಯ್ದು ಅಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ತೀರಾ ಹೆಚ್ಚಿದ್ದ ಕಡೆ ಮೇಲಿನ ಉಳುಮೆ ಪದರವನ್ನೇ ಹೆರೆದು ತೆಗೆದದ್ದೂ ಉಂಟು. ಹಾಗೆ ತೆಗೆದ ಮಣ್ಣನ್ನು ನೀರು ಹರಿಯುವ ಕಾಲುವೆಗೆ ಮಾತ್ರ ತುಂಬಬೇಡಿ.

ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ವಿಷಯದಲ್ಲಿ ಮಾತ್ರ ಜೌಗು ಬೇಗ ಕೈ ಹಿಡಿಯುತ್ತದೆ. ಗಾಳಿ ಸಿಗದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ, ಸಾರಜನಕ ಬಹುಪಾಲು ಅನಿಲವಾಗಿ ಗಾಳಿಗೆ ಹೋಗುತ್ತದೆ. ಮೇಲಿನ ಹೊಲದಿಂದ ಬರುವ ಬಸಿ ನೀರನ್ನು ಬಯಲಿನ ಮೇಲೆ ಹರಡಿ ಅಂತ ನೀರಗಂಟಿ ಸರ್ ಹೇಳಿದ್ದು ಇದಕ್ಕೂ ಒಳ್ಳೆಯದು.

ಹೊಸಚಿಗುರು:
ನೆನೆದ ನೆಲದಿಂದ ಮೀಥೇನ್ ಬರುತ್ತೆ ಅಂತಾರಲ್ಲ? ಹವಾಮಾನಕ್ಕೆ ಇದು ಒಳ್ಳೆಯದಾ ಕೆಟ್ಟದ್ದಾ?

ಎರೆಹುಳು:
ಬರುತ್ತದೆ. ಆಳವಾಗಿ, ಸದಾ ನೀರು ನಿಂತ ಕಡೆ ಜಾಸ್ತಿ. ನೀರಿನ ಮಟ್ಟ ನೆಲಕ್ಕೆ ತಾಗಿಕೊಂಡಂತೆ ಅಥವಾ ತುಸು ಕೆಳಗೆ ಇದ್ದರೆ ಕಡಿಮೆ. ಆದರೆ ಒಣಗಿಸಿದ ಪೀಟ್ ನೆಲದ ಜೊತೆ ಹೋಲಿಸಿ ನೋಡಿ. ಪೀಟ್ ಅಂದರೆ ಸಾವಿರಾರು ವರ್ಷ ಕೊಳೆಯದೆ ಉಳಿದ ಗಿಡಗಳ ರಾಶಿ. ನೀರು ತೆಗೆದರೆ ಅದಕ್ಕೆ ಗಾಳಿ ತಗುಲಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತಲೇ ಇರುತ್ತದೆ. ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ ಜೌಗು ಒಣಗಿಸುವ ಕಾಲಕ್ಕೆ, 1851ರಲ್ಲಿ, ಒಂದು ಕಬ್ಬಿಣದ ಕಂಬವನ್ನು ತಲೆ ನೆಲದ ಮಟ್ಟಕ್ಕೆ ಬರುವ ಹಾಗೆ ಹೂತಿದ್ದರು. ಇವತ್ತು ಆ ಕಂಬ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಕಂಬ ಎದ್ದಿಲ್ಲ, ನೆಲ ಇಳಿದಿದೆ. ಪೀಟ್ ಇರುವ ಕಡೆ ಮತ್ತೆ ನೆನೆಸುವುದೇ ಸರಿ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಬರೀ ಖನಿಜ ಮಣ್ಣಿನ ಕಡೆ ಇಂಗಾಲದ ಲಾಭ ನಿಧಾನ. ಅಲ್ಲಿ ನೀರು, ಜೀವಿಗಳ ಸಲುವಾಗಿ ಮಾಡಿ.

ಕಪ್ಪೆಗೂಡು:
ಸೊಳ್ಳೆ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕಪಕ್ಕದವರು ಮೊದಲು ಕೇಳೋದೇ ಅದು.

ಕೆರೆದಂಡೆ:
ಸರಿಯಾದ ಪ್ರಶ್ನೆ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ನೀರು ಜೀರುಂಡೆ ಇರುವ ಜೌಗಿನಲ್ಲಿ ಸೊಳ್ಳೆ ಮರಿ ಹೆಚ್ಚು ಉಳಿಯುವುದಿಲ್ಲ. ತೊಂದರೆ ಕೊಡುವುದು ಯಂತ್ರದ ಚಕ್ರ ಬಿಟ್ಟ ಗುಂಡಿ, ಬೇರೆ ನೀರಿನ ಸಂಪರ್ಕವಿಲ್ಲದ ಸಣ್ಣ ಹೊಂಡ, ಗೊಬ್ಬರ ಸೇರಿ ನಾರುವ ನೀರು. ಕೆಲಸ ಮುಗಿಸಿ ಹೋಗುವಾಗ ಚಕ್ರದ ಜಾಡು ಸರಿಮಾಡಿಸಿ. ಮೊದಲ ವರ್ಷ, ಬೇಟೆಗಾರ ಹುಳಗಳು ಬಂದು ನೆಲೆಸುವವರೆಗೆ, ಸೊಳ್ಳೆ ಸ್ವಲ್ಪ ಜಾಸ್ತಿ ಕಾಣಬಹುದು. ನೆರೆಯವರಿಗೆ ಅದನ್ನು ಮುಂಚೆಯೇ ಹೇಳಿಬಿಡಿ.

ಬೆಳ್ಳಕ್ಕಿ:
ಗಿಡ ಯಾವಾಗ ನೆಡಲಿ? ಬೀಜದ ಮಿಶ್ರಣ ತಂದು ಎರಚಬಹುದಾ?

ಕೆರೆದಂಡೆ:
ಮೊದಲು ನೀರು ಎಲ್ಲಿ, ಎಷ್ಟು ದಿನ ನಿಲ್ಲುತ್ತದೆ ಅಂತ ಒಂದು ವರ್ಷ ನೋಡಿ. ಈಗ ಒಣ ಅಂತ ನೆಟ್ಟ ಜಾಗ ಆಮೇಲೆ ಮುಳುಗಬಹುದು.

ನೆಲದೊಳಗೇ ಬೀಜ ಇರಬಹುದು, ಅದಕ್ಕೂ ಅವಕಾಶ ಕೊಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಟಿಡ್‌ಮಾರ್ಶ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷ ಕ್ರಾನ್‌ಬೆರಿ ಅನ್ನೋ ಹುಳಿ ಹಣ್ಣು ಬೆಳೆದಿದ್ದರು. ಆ ಬೆಳೆಗಾಗಿ ಪೀಟ್ ಮೇಲೆ ಮತ್ತೆ ಮತ್ತೆ ಮರಳು ಹಾಸುತ್ತಿದ್ದರು. 2015ರ ಸುಮಾರಿಗೆ ಅಲ್ಲಿ ಒಡ್ಡು ತೆಗೆದು, ಬಸಿಗಾಲುವೆ ಮುಚ್ಚಿ, ಆ ಮರಳಿನ ಪದರವನ್ನು ಬಗೆದು ಕೆಳಗಿನ ಪೀಟ್ ಜೊತೆ ಬೆರೆಸಿ, ನೆಲವನ್ನು ಉಬ್ಬುತಗ್ಗಾಗಿ ಬಿಟ್ಟರು. ಮರಳಿನಡಿ ಹೂತಿದ್ದ ಬೀಜಗಳು ಮೊಳೆತವು. ನಯವಾಗಿ ಮಟ್ಟ ಮಾಡಿದ ನೆಲಕ್ಕಿಂತ ಈ ಒರಟು ನೆಲವೇ ಒಳ್ಳೆಯದು. ಮೊಣಕಾಲೆತ್ತರದ ದಿಬ್ಬದ ಮೇಲೆ ಒಂದು ಜಾತಿ, ಪಕ್ಕದ ತಗ್ಗಿನಲ್ಲಿ ಇನ್ನೊಂದು. ಹೇಳದೆ ಕೇಳದೆ ಮಟ್ಟ ಹೊಡೆಯುವುದು ಯಂತ್ರದವರ ಅಭ್ಯಾಸ. ಜೊತೆಗೆ ನಿಂತು ತಡೆಯಿರಿ.

ಆದರೆ ಬಹಳ ಕಾಲ ಉತ್ತ ಹೊಲದಲ್ಲಿ ಜೌಗಿನ ಬೀಜ ಹೆಚ್ಚು ಉಳಿದಿರುವುದಿಲ್ಲ. ಹಾಗಿದ್ದರೆ ಒಂದೇ ಜಾತಿಯ ಜೊಂಡೋ ಒರಟು ಹುಲ್ಲೋ ಪೂರ್ತಿ ಆವರಿಸಿಬಿಡುತ್ತದೆ, ಅದೂ ರಂಜಕ ಜಾಸ್ತಿ ಇದ್ದರೆ ಕೇಳುವುದೇ ಬೇಡ. ಹತ್ತಿರದಲ್ಲಿ ಚೆನ್ನಾಗಿ ಉಳಿದ ಜೌಗು ಯಾವುದಿದೆ ನೋಡಿ, ಅದೇ ನಿಮ್ಮ ಮಾದರಿ. ಅನುಮತಿ ಪಡೆದು ಅಲ್ಲಿಂದಲೇ ಸ್ವಲ್ಪ ಬೀಜ ತನ್ನಿ. ಎಲ್ಲಿಯದೋ ಬೀಜದ ಮಿಶ್ರಣ ಬೇಡ.

ಒಂದು ಮಾತು, ನಿರಾಸೆ ಮಾಡಲು ಅಲ್ಲ. ಲೋಕದ ಬೇರೆ ಬೇರೆ ಕಡೆಯ 621 ಜೌಗುಗಳ ಮಾಹಿತಿ ಸೇರಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪುನಃ ರೂಪಿಸಿದ ಜೌಗುಗಳು ನೂರು ವರ್ಷದ ನಂತರವೂ, ಹಾಳಾಗದ ಜೌಗುಗಳಿಗೆ ಹೋಲಿಸಿದರೆ, ಜೀವಿಗಳ ರಚನೆಯಲ್ಲಿ ಸರಾಸರಿ 26 ಶೇಕಡಾ, ಇಂಗಾಲದಂಥ ಮಣ್ಣಿನ ಕೆಲಸಗಳಲ್ಲಿ 23 ಶೇಕಡಾ ಹಿಂದೆ ಇದ್ದವು. ದೊಡ್ಡದಾಗಿ, ಹರಿಯುವ ನೀರಿಗೆ ತೆರೆದುಕೊಂಡಿದ್ದವು ಬೇಗ ಚೇತರಿಸಿಕೊಂಡವು. ಹಾಗಾಗಿ ತೊರೆಯನ್ನೂ ಜೌಗನ್ನೂ ಬೇರೆ ಬೇರೆ ಕೆಲಸ ಮಾಡಬೇಡಿ. ಮತ್ತೆ, ಇನ್ನೂ ಹಾಳಾಗದ ಜೌಗು ಪಕ್ಕದಲ್ಲಿದ್ದರೆ ಮೊದಲು ಅದನ್ನು ಉಳಿಸಿಕೊಳ್ಳಿ.

ಬೆಳ್ಳಕ್ಕಿ:
ಸರಿ, ಹೊಂಡದ ಯೋಚನೆ ಬಿಟ್ಟೆವು. ಮನೆಯವರಿಗೂ ಕೊಳವೆ ತೋರಿಸಿದ ಮೇಲೆ ಅರ್ಥವಾಯಿತು. ಮೇಲಿನ ಜಮೀನಿನವರು ಲೆವೆಲ್ ಸರ್ವೆಗೆ ಒಪ್ಪಿದ್ದಾರೆ. ಮಣ್ಣು ಪರೀಕ್ಷೆಗೆ ಕೊಟ್ಟಿದ್ದೇವೆ. ವರದಿ ಬರುವವರೆಗೆ ನಾನು ಏನು ಮಾಡಬಹುದು?

ನೀರಗಂಟಿ:
ಅಳತೆ ಶುರು ಮಾಡಿ. ತೂತು ಕೊರೆದ ಪಿವಿಸಿ ಕೊಳವೆಗಳನ್ನು ಕಾಲುವೆಯಿಂದ ದೂರಕ್ಕೆ ಒಂದು ಸಾಲಿನಲ್ಲಿ ನೆಲದೊಳಗೆ ನಿಲ್ಲಿಸಿ, ಸುಮಾರು ಒಂದೂವರೆ ಮೀಟರ್ ಆಳ ಸಾಕು. ಸುತ್ತ ಮರಳು ತುಂಬಿ, ಮೇಲೆ ಮುಚ್ಚಳ ಹಾಕಿ. ವಾರಕ್ಕೊಮ್ಮೆ ಟೇಪು ಇಳಿಸಿ ನೀರು ಎಷ್ಟು ಕೆಳಗಿದೆ ಅಂತ ಬರೆದಿಡಿ. ಈಗ ಕಾಲುವೆಯ ಹತ್ತಿರ ಹೋದಂತೆ ನೀರು ಕೆಳಗಿಳಿದಿರುವುದು ಕಾಣುತ್ತದೆ. ತಡೆ ಹಾಕಿದ ಮೇಲೆ ಆ ಇಳಿಜಾರು ಮಟ್ಟಸವಾದರೆ ಕೆಲಸ ಆಗಿದೆ ಅಂತ. ಕಡೆಯ ಕೊಳವೆಯನ್ನು ಮೇಲಿನವರ ಗಡಿಯ ಪಕ್ಕದಲ್ಲೇ ನಿಲ್ಲಿಸಿ, ಅವರ ಎದುರಿಗೇ ಅಳೆಯಿರಿ. ನಾಳೆ ಅವರ ಹೊಲ ನೆನೆಯಿತಾ ಇಲ್ಲವಾ ಅನ್ನೋ ಮಾತು ಬಂದರೆ ಇಬ್ಬರ ಹತ್ತಿರವೂ ಒಂದೇ ಲೆಕ್ಕ ಇರುತ್ತದೆ.